ರಾಗಿಗುಂತ

ಸುತ್ತಿಗೆಯ ಮೊನೆಗೆ ಹತ್ತಿದ್ದ ಹಸಿರನ್ನು ಭೂಗರ್ಭ ಇಲಾಖೆಯ ಅರುಳ್‌ದಾಸ್ ಉಗುರಿನಿಂದ ಕೆರೆದು ಬಿಳಿ ಬಸಿಯ ಮೇಲೆ ಉದುರಿಸಿದ.

"ಒಂದು ನಿಂಬೆಹಣ್ಣು ತರಿಸ್ತೀರಾ ಸಾರ್?"

"ಪಾನಕಕ್ಕೇನಯ್ಯ?" ಎಂದ ಇನ್ಸ್‌ಪೆಕ್ಟರ್ ಚೆಲುವಯ್ಯ.

"ಸಾಕ್ಷಿ ಕೇಳೋದಕ್ಕೆ."

ಚಿಂತಾಮಣಿ ಠಾಣೆಯ ಎದುರಿನ ಹೋಟೆಲಿನಿಂದ ಅರ್ಧ ಹೋಳು ನಿಂಬೆ ಬಂತು. ಅರುಳ್‌ದಾಸ್ ಅದನ್ನು ಹಸಿರು ಪುಡಿಯ ಮೇಲೆ ಹಿಂಡಿ, ಬಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಪುಡಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು.

"ಪಾಚಿ ನೊರೆ ಬರಿಸೋಲ್ಲ ಸಾರ್. ಇದು ಕಿಲುಬು. ತಾಮ್ರದ ಹಂಡೆಗೆ ಹಿಡಿಯುತ್ತಲ್ಲ, ಅದೇ ಜಾತಿ. ಆದರೆ ಇದು ಹಂಡೆಯದಲ್ಲ, ಕಲ್ಲಿನದು. ನೆಲದೊಳಗಿನ ತಾಮ್ರಕ್ಕೆ ಮಳೆನೀರು ತಾಗಿ ತಾಗಿ ಆದದ್ದು."

ಚೆಲುವಯ್ಯ ಬಸಿಯನ್ನು ನೋಡಿದ, ಸುತ್ತಿಗೆಯನ್ನು ನೋಡಿದ. ಆಮೇಲೆ ಬಾಗಿಲ ಪಕ್ಕ ನಿಂತಿದ್ದ ದಫೇದಾರ ವೆಂಕಟರವಣಪ್ಪನನ್ನು ನೋಡಿದ.

"ಹಗೇವಿನ ತಳದಲ್ಲಿ ತಾನೇ ಸಿಕ್ಕಿದ್ದು ಇದು?"

"ಹೌದು ಸಾರ್. ನಾನೇ ಇಳಿದು ತಂದದ್ದಲ್ಲವಾ? ನೆಲದೊಳಗೆ ತುಂಬಿಟ್ಟ ರಾಗಿ ಮೇಲೇ ಬಿದ್ದಿತ್ತು."

"ಹಗೇವಿನೊಳಗೆ ತಾಮ್ರ ಎಲ್ಲಿಂದ ಬರುತ್ತೆ?"

ದಫೇದಾರ ತಲೆ ಕೆರೆದುಕೊಂಡ. ಒಳಗಿನ ಲಾಕಪ್ಪಿನಲ್ಲಿ ಬಯ್ಯಪ್ಪ ಕೆಮ್ಮಿದ್ದು ಕೇಳಿಸಿತು.

ಕೇಸು ಇಷ್ಟೇ ಇತ್ತು. ಅಂಬಾಜಿದುರ್ಗದ ಆಚೆ ಕಿಟ್ಟಪಲ್ಲಿ ಎಂಬ ಊರು. ಅಲ್ಲಿ ಭೂಗರ್ಭ ಇಲಾಖೆಯವರಿಗೆ ದಾರಿ ತೋರಿಸುತ್ತಾ, ಕಲ್ಲು ಹೊರುತ್ತಾ ಇದ್ದ ಆವಲಪ್ಪ ಹೋದ ವಾರ ತಲೆ ಒಡೆದುಕೊಂಡು ಕೆರೆ ಏರಿಯ ಕೆಳಗೆ ಬಿದ್ದಿದ್ದ. ಚಿಂತಾಮಣಿ ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣು ಬಿಟ್ಟು ತೆಲುಗಿನಲ್ಲಿ ಒಂದು ಮಾತು ಹೇಳಿ ಪ್ರಾಣ ಬಿಟ್ಟ. "ನಾ ಸಂಚಿ ರಾಗಿಗುಂತಲೋ..."

ಚೆಲುವಯ್ಯ ಪಾಂಡವಪುರದ ಕಡೆಯವನು, ತೆಲುಗು ಬಾರದು. ದಫೇದಾರನೇ ತಿರುಗಿಸಿ ಹೇಳಿದ್ದ: "ನನ್ನ ಚೀಲ ರಾಗಿ ಗುಂಡೀಲಿದೆ ಅಂತಾನೆ ಸಾರ್. ಹಗೇವು."

ಊರಿನಲ್ಲಿ ಆ ವಾರ ಬಾಯಿ ತೆರೆದಿದ್ದ ಹಗೇವು ಒಂದೇ, ಬಯ್ಯಪ್ಪನದು. ಇಳಿದು ನೋಡಿದರೆ ಚೀಲ ಇರಲಿಲ್ಲ, ಇಲಾಖೆಯ ಮೊಹರಿದ್ದ ಸುತ್ತಿಗೆ ಇತ್ತು. ಬಯ್ಯಪ್ಪನಿಗೂ ಆವಲಪ್ಪನಿಗೂ ಬದುವಿನ ವಿಷಯಕ್ಕೆ ಮಾತು ಬೆಳೆದದ್ದನ್ನು ಊರೇ ನೋಡಿತ್ತು. ಅಷ್ಟು ಸಾಕಾಯಿತು. ಠಾಣೆಯಲ್ಲಿಟ್ಟುಕೊಳ್ಳಲು ಕೊಟ್ಟ ಗಡುವು ಮುಗಿದಿತ್ತು, ನಾಳೆ ಬೆಳಿಗ್ಗೆ ಅವನನ್ನು ಕೊಲೆಗಾರನೆಂದು ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಠಾಣೆಯ ಹೊಂಗೆ ಮರದ ಕೆಳಗೆ ಬಯ್ಯಪ್ಪನ ಹೆಂಡತಿ ಕದಿರಮ್ಮ ಕೂತಿದ್ದಳು. ದಿನವೂ ಬುತ್ತಿ ತರುತ್ತಿದ್ದಳು, ದಿನವೂ ಅದೇ ಮಾತು ಕೇಳುತ್ತಿದ್ದಳು. ಚೆಲುವಯ್ಯ ಹೊರಗೆ ಬಂದೊಡನೆ ಎದ್ದು ನಿಂತಳು.

"ಬಿಡ್ತೀರಾ ಸ್ವಾಮಿ?"

"ಇನ್ನೂ ಇಲ್ಲಮ್ಮ."

"ಅವರು ಬಾಯಿ ಜೋರು ಸ್ವಾಮಿ, ಕೈ ಜೋರಲ್ಲ. ನನ್ನ ಕೈಲೇ ಆವಲಪ್ಪಣ್ಣನಿಗೆ ಮಜ್ಜಿಗೆ ಕೊಡಿಸಿ ರಾಜಿ ಆದೋರು. ಅದನ್ನ ಯಾರೂ ನೋಡ್ಲಿಲ್ಲ. ಬೈದಾಡೋದನ್ನ ನೋಡಕ್ಕೆ ಊರೆಲ್ಲಾ ಇರ್ತಾರೆ, ಮಜ್ಜಿಗೆ ಕುಡಿಯೋದನ್ನ ನೋಡಕ್ಕೆ ಯಾರಿರ್ತಾರೆ?"

ಚೆಲುವಯ್ಯ ಜೀಪು ಹತ್ತುತ್ತಾ ಕೈ ತೋರಿಸಿದ. "ಹಿಂದುಗಡೆ ಕೂತ್ಕೊಳಮ್ಮ. ನಿಮ್ಮೂರಿಗೇ ಹೋಗ್ತಿದೀವಿ."

"ಹೆಂಗಸರು ಯಾಕೆ ಸಾರ್?" ಎಂದ ದಫೇದಾರ.

"ನಡಕೊಂಡು ಹೋಗಲಿ ಅಂತೀಯೇನಯ್ಯ, ಅಷ್ಟು ದೂರ?"

*

ಚಿಂತಾಮಣಿ ಬಿಟ್ಟರೆ ಎರಡು ಬದಿಯೂ ಬಂಡೆ. ಬಂಡೆಯ ಮೇಲೆ ಬಂಡೆ, ಯಾರೋ ಜೋಡಿಸಿ ಮರೆತು ಹೋದ ಹಾಗೆ. ಎದುರಿಗೆ ಅಂಬಾಜಿದುರ್ಗ ಬಿಸಿಲಿಗೆ ಬೂದಿ ಬಣ್ಣವಾಗಿತ್ತು.

"ಇದರಲ್ಲೆಲ್ಲಾ ಏನೂ ಇಲ್ಲ ಸಾರ್," ಎಂದ ಅರುಳ್‌ದಾಸ್. "ಚಪ್ಪಡಿ ಎಬ್ಬಿಸಬಹುದು, ಒರಳು ಕಡೆಯಬಹುದು, ಅಷ್ಟೇ. ಲೋಹ ಬೇಕು ಅಂದರೆ ಕರಿಕಲ್ಲಿನ ಪಟ್ಟೆ ಹುಡುಕಬೇಕು. ಈ ಬಿಳಿ ಬಂಡೆ ಹುಟ್ಟೋದಕ್ಕೆ ಮುಂಚೆ ಇದ್ದ ಕಲ್ಲು ಅದು. ಬಂಡೆ ಕುದ್ದು ಮೇಲೆ ಬಂದಾಗ ನಡುವೆ ಸಿಕ್ಕಿಕೊಂಡು ಹಿಂಡಿ ಹೋಯ್ತು, ಸೀರೆಗೆ ಅಂಚು ಇದ್ದ ಹಾಗೆ. ನಮ್ಮೂರಿನ ಚಿನ್ನದ ಗಣಿ ಇರೋದೂ ಅಂಥಾದ್ದೊಂದು ಅಂಚಿನಲ್ಲೇ."

ಅವನ ಊರು ಕೆ.ಜಿ.ಎಫ್. ಅಪ್ಪ ಗಣಿಯೊಳಗೆ ಇಳಿದು ಮಗನನ್ನು ಕಾಲೇಜಿಗೆ ಏರಿಸಿದವನು. ಎರಡನೇ ಪಂಚವಾರ್ಷಿಕ ಯೋಜನೆಗೆ ತಾಮ್ರ ಬೇಕೆಂದು ಸರ್ಕಾರ ಹಳೆಯ ಗುಂಡಿಗಳನ್ನೆಲ್ಲಾ ಮತ್ತೆ ನೋಡಿಸುತ್ತಿತ್ತು. ಆ ಕೆಲಸಕ್ಕೆ ಅವನು ಬಂದಿದ್ದ.

"ಕಿಟ್ಟಪಲ್ಲಿಯಲ್ಲಿ ಆ ಅಂಚು ಇದೆಯೋ?"

"ಒಂದು ಸಣ್ಣ ದಿಣ್ಣೆಯಷ್ಟು. ಊರಿನವರು ಗುಂಡಿ ಇದೆ ಅಂತಾರೆ, ಬಾಯಿ ಮಾತ್ರ ಯಾರೂ ತೋರಿಸಲಿಲ್ಲ. ಆ ದಿಣ್ಣೆಯ ಒಡೆಯರು ಮುನಿಶಾಮಪ್ಪನವರು ಇಲಾಖೆಗೆ ಕಲ್ಲು ಕಳಿಸಿದ್ದರು ಸಾರ್, ಒಳ್ಳೇ ಕಲ್ಲು. ಹಿತ್ತಾಳೆ ಹಾಗೆ ಮಿನುಗುತ್ತಿತ್ತು. ಅದನ್ನು ನಂಬಿ ಬೆಂಗಳೂರಿನವರು ಯಾರೋ ಅವರ ಜೊತೆ ಸೇರಿ ಗಣಿ ಗುತ್ತಿಗೆಗೆ ಅರ್ಜಿ ಹಾಕಿದ್ದಾರೆ. ಗುಂಡಿ ತಳದಿಂದ ಇನ್ನಷ್ಟು ಕಲ್ಲು ಬೇಕು ಅಂತ ನಾನು ಆವಲಪ್ಪನಿಗೆ ಹೇಳಿದೆ. ತರ್ತೀನಿ ಅಂತ ಚೀಲ, ಸುತ್ತಿಗೆ ತಗೊಂಡು ಹೋದ."

ಊರ ಬಾಗಿಲಲ್ಲಿ ಅರುಳ್‌ದಾಸ್ ಜೀಪು ನಿಲ್ಲಿಸಿ ಇಳಿದ. ಹೊಲದ ಗೋಡೆಯಿಂದ ಒಂದು ಕಲ್ಲು ಕಿತ್ತು ತಂದ. ಕರ್ರಗೆ, ಗಾಜಿನ ಹಾಗೆ ನುಣುಪು. ಒಂದು ಕಡೆ ಪಾಕ ಹರಿದು ಹೆಪ್ಪುಗಟ್ಟಿದಂತೆ ಸುಕ್ಕು.

"ಇದು ಕಲ್ಲಲ್ಲ ಸಾರ್. ಲೋಹ ಕರಗಿಸಿದ ಮೇಲೆ ಉಳಿದ ಹೊಲಸು. ಕಿಟ್ಟ. ಈ ಊರಿನ ಅರ್ಧ ಗೋಡೆ ಇದರಲ್ಲೇ ಕಟ್ಟಿದ್ದಾರೆ. ಇಲ್ಲಿ ಒಂದು ಕಾಲಕ್ಕೆ ಕುಲುಮೆ ಉರೀತಿತ್ತು, ನೂರಾರು ವರ್ಷ."

"ಅದಕ್ಕೇ ಕಿಟ್ಟಪಲ್ಲಿ."

"ಅಯ್ಯೋ, ಊರು ಕಟ್ಟಿದೋರು ಕಿಟ್ಟಪ್ಪ ಅಂತ ಹೇಳ್ತಾರಲ್ಲ!" ಎಂದಳು ಹಿಂದಿನಿಂದ ಕದಿರಮ್ಮ. "ಮುನಿಶಾಮಪ್ಪನವರ ಮುತ್ತಾತ. ಅವರ ಹೆಸರಲ್ಲಿ ವರ್ಷಾ ವರ್ಷಾ ಎಡೆ ಇಡ್ತಾರೆ."

"ಇಡಲಿ ಬಿಡಮ್ಮ," ಎಂದ ಚೆಲುವಯ್ಯ. "ಎಡೆ ಯಾರಿಗಾದರೂ ಸೇರುತ್ತೆ."

*

ಮುನಿಶಾಮಪ್ಪ ಜಗುಲಿಯ ಮೇಲೆ ದಿಂಬಿಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಪೊಲೀಸರನ್ನು ಕಂಡು ಏಳುವ ಮನುಷ್ಯನಲ್ಲ. ಕಾಲು ಮಾತ್ರ ಮಡಚಿಕೊಂಡ.

"ಬನ್ನಿ ಸಾಹೇಬ್ರೆ. ಬಿಸಿಲಲ್ಲಿ ಬಂದಿದೀರಿ." ಒಳಕ್ಕೆ ತಿರುಗಿ ಕೂಗಿದ: "ಏಮೇ! ಅಯ್ಯಗಾರಿಕಿ ರಾಗಿ ಚೆಂಬುಲೋ ನೀಳ್ಳು ತೇ."

ಚೆಲುವಯ್ಯ ಚಾಪೆಯ ಮೇಲೆ ಕೂರುತ್ತಿದ್ದವನು ಅರ್ಧಕ್ಕೇ ನಿಂತ.

ಚಿಕ್ಕಂದಿನಲ್ಲಿ ಅವನ ಮನೆಯಲ್ಲಿ ಸಂಜೆ ಕಾವ್ಯ ಓದುವುದಿತ್ತು. ಅಪ್ಪ ರಾಗವಾಗಿ ಓದುವರು, ಚಿಕ್ಕಪ್ಪ ಒಂದೊಂದು ಪದ ಬಿಡಿಸಿ ಅರ್ಥ ಹೇಳುವರು. ಗೊತ್ತಿರೋ ಪದ ಬಂತು ಅಂತ ದಾಟಿಬಿಡಬೇಡ, ಅದೇ ಎಡವಿಸೋದು ಅನ್ನುತ್ತಿದ್ದರು ಚಿಕ್ಕಪ್ಪ. ಠಾಣೆಯ ಕೆಲಸದಲ್ಲಿ ಆ ಮಾತು ಎಷ್ಟೋ ದಿನದಿಂದ ನೆನಪಿಗೆ ಬಂದಿರಲಿಲ್ಲ.

ಮುನಿಶಾಮಪ್ಪನ ಹೆಂಡತಿ ಅಮ್ಮಾಜಮ್ಮ ಹುಣಸೆಹುಳಿಯಲ್ಲಿ ತಿಕ್ಕಿ ಕೆಂಪಗೆ ಹೊಳೆಯುತ್ತಿದ್ದ ಚೊಂಬು ತಂದಿಟ್ಟಳು. ಚೆಲುವಯ್ಯ ಅದರೊಳಗೆ ಬಗ್ಗಿ ನೋಡಿದ. ತಿಳಿನೀರು.

"ತಾಯಿ, ಇದರಲ್ಲಿ ರಾಗಿ ಎಲ್ಲಿದೆ?"

ಅಮ್ಮಾಜಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯೋ ಸ್ವಾಮಿ, ಚೆಂಬೇ ರಾಗಿ! ನಮ್ಮ ಮಾತಲ್ಲಿ ತಾಮ್ರಕ್ಕೆ ರಾಗಿ ಅಂತೀವಿ. ನೀವು ತಿನ್ನೋದು ರಾಗುಲು."

ಅರುಳ್‌ದಾಸ್ ಕೈಯಲ್ಲಿದ್ದ ಕಿಟ್ಟದ ಗಡ್ಡೆಯನ್ನು ನಿಧಾನವಾಗಿ ಕೆಳಗಿಟ್ಟ.

"ಲೋಪಲಿಕಿ ಪೋ," ಎಂದ ಮುನಿಶಾಮಪ್ಪ ಹೆಂಡತಿಗೆ. ಅವಳು ಒಳಗೆ ಹೋದಳು.

"ಆಸ್ಪತ್ರೆಯಲ್ಲಿ ಆವಲಪ್ಪನ ಮಂಚದ ಹತ್ತಿರ ನೀವೂ ಇದ್ದಿರಿ," ಎಂದ ಚೆಲುವಯ್ಯ. "ಅವನು ರಾಗಿಗುಂತ ಅಂದ. ನೀವು ಕೇಳಿದಿರಿ."

"ಕೇಳಿದೆ."

"ಏನು ಅರ್ಥ ಮಾಡಿಕೊಂಡಿರಿ?"

"ನಿಮ್ಮ ದಫೇದಾರ್ ಹೇಳಿದ್ದನ್ನೇ. ರಾಗಿ ಗುಂಡಿ." ಮುನಿಶಾಮಪ್ಪ ಸುಣ್ಣ ಸವರಿದ. "ಏನ್ ಸಾಹೇಬ್ರೆ, ಚೆಂಬು ನೋಡಿ ಹೆದರಿಕೊಂಡ್ರಾ? ನಾವು ರಾಗಿ ಮುದ್ದ ಅಂತಾನೂ ಅಂತೀವಿ. ಹಂಗಂದ್ರೆ ತಾಮ್ರದ ಉಂಡೇನಾ? ನಿಮ್ಮ ಹಲ್ಲು ಗಟ್ಟಿ ಇದ್ರೆ ಸಂಜೆ ಊಟಕ್ಕೆ ಬನ್ನಿ."

ದಫೇದಾರ ನಕ್ಕ. ಚೆಲುವಯ್ಯನೂ ನಕ್ಕ.

"ಒಳ್ಳೇ ಮಾತು. ಮುದ್ದೆ ಬಿಡಿ. ರಾಗಿ ತುಂಬಿಡೋ ಗುಂಡಿಗೆ ನಿಮ್ಮ ಮನೇಲಿ ಏನಂತೀರಿ?"

ಮುನಿಶಾಮಪ್ಪ ಎಲೆ ಮಡಿಸಿದ.

"ಪಾತರ!" ಎಂದು ಒಳಗಿನಿಂದ ಅಮ್ಮಾಜಮ್ಮನ ದನಿ ಬಂತು. "ರಾಗುಲ ಪಾತರ ಅಂತೀವಿ ಸ್ವಾಮಿ!"

ಮುನಿಶಾಮಪ್ಪ ಕಣ್ಣು ಮುಚ್ಚಿ ತೆರೆದ. ಎಲೆ ಬಾಯಿಗೆ ಹೋಗದೆ ಕೈಯಲ್ಲೇ ಉಳಿಯಿತು.

"ಹಾಗಾದರೆ ಹಗೇವು ಹೇಳಬೇಕಾದವನು ಪಾತರ ಅನ್ನುತ್ತಿದ್ದ," ಎಂದ ಚೆಲುವಯ್ಯ. "ಗುಂತ ಅಂದ. ತಾಮ್ರದ ಗುಂಡಿ. ನಿಮಗೆ ಆಗಲೇ ಗೊತ್ತಾಗಿದೆ. ಆದರೂ ಬಯ್ಯಪ್ಪನ ಹಗೇವು ಬಗೆಯೋದಕ್ಕೆ ಆಳು ಕೊಟ್ಟಿರಿ. ಯಾಕೆ?"

"ಹೂಂ, ಗೊತ್ತಾಯ್ತು. ಏನೀಗ?" ಮುನಿಶಾಮಪ್ಪನ ದನಿ ಏರಲಿಲ್ಲ. "ಆ ಗುಂಡಿ ಇರೋದು ನನ್ನ ಹೊಲದಲ್ಲಿ. ಗುತ್ತಿಗೆ ಕಾಗದ ಬೆಂಗಳೂರಿನಲ್ಲಿ ಕೂತಿದೆ. ಸಾಯೋನ ಬಾಯಲ್ಲಿ ನನ್ನ ಹೊಲದ ಹೆಸರು ಬಂದ್ರೆ, ಇದೇ ಅದು ಅಂತ ಕೈ ಹಿಡಿದು ತೋರಿಸೋ ಮೂರ್ಖ ಯಾರಿದ್ದಾರೆ ಸಾಹೇಬ್ರೆ? ಸುಮ್ಮನಿದ್ದೆ. ಸುಮ್ಮನಿರೋದು ಕೊಲೆ ಅಲ್ಲ."

"ಒಬ್ಬ ಜೈಲಿಗೆ ಹೋಗ್ತಾನೆ."

"ಹಗೇವಲ್ಲಿ ಸುತ್ತಿಗೆ ಸಿಕ್ತಲ್ಲ? ನಾನು ಇಟ್ಟೆನಾ? ನಾನು ಹಗೇವಿನ ಹತ್ತಿರಾನೂ ಬರ್ಲಿಲ್ಲ." ಅವನು ಎಲೆಯನ್ನು ತಟ್ಟೆಗೆ ಹಾಕಿ, ಗಲ್ಲವನ್ನು ದಫೇದಾರನ ಕಡೆಗೆ ಎತ್ತಿದ. "ಇನ್ನೊಂದು ಹೇಳ್ತೀನಿ. ನನಗೆ ಗೊತ್ತಾಗಬೇಕಿತ್ತು ಅಂದ್ರೆ, ಅವನಿಗೂ ಗೊತ್ತಾಗಬೇಕಿತ್ತು. ನಿಮ್ಮ ದಫೇದಾರ್ ಹುಟ್ಟಿದ್ದು ಮದನಪಲ್ಲಿ ಕಡೆ. ಅವನ ಅಮ್ಮ ಜೋಗುಳ ಹಾಡಿದ್ದು ತೆಲುಗಲ್ಲಿ. ಅವನನ್ನ ಯಾಕೆ ಕೇಳಲ್ಲ ನೀವು?"

ಎಲ್ಲರೂ ದಫೇದಾರನನ್ನು ನೋಡಿದರು.

ವೆಂಕಟರವಣಪ್ಪನ ಮುಖ ಸಣ್ಣಗಾಗಿತ್ತು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ತಪ್ಪಾಯ್ತು ಸಾರ್. ಅವನು ಹೇಳಿದ್ದನ್ನೆಲ್ಲಾ ಕನ್ನಡಕ್ಕೆ ತಿರುಗಿಸಿದೆ. ಗುಂತ ಅನ್ನೋದನ್ನ ಗುಂಡಿ ಅಂದೆ. ರಾಗಿ ಅನ್ನೋದು ಎರಡು ಕಡೆಯೂ ಇರೋ ಮಾತು, ತಿರುಗಿಸೋದು ಏನಿದೆ ಅಂತ ಹಾಗೇ ಬಿಟ್ಟೆ. ಮನೇಲಿ ಅಮ್ಮನ ಹತ್ತಿರ ಒಂದು ಮಾತು, ಹೆಂಡತಿ ಹತ್ತಿರ ಒಂದು ಮಾತು. ಯಾವುದು ಯಾವುದರೊಳಗೆ ಸೇರಿಕೊಂಡಿದೆ ಅಂತ ನಮಗೇ ತಿಳಿಯಲ್ಲ ಸಾರ್."

ನಿಜವಿರಬಹುದಾದ ಮಾತು. ಚಿಂತಾಮಣಿ ಸಂತೆಯಲ್ಲಿ ಒಂದೇ ಉಸಿರಿನಲ್ಲಿ ಮೂರು ಭಾಷೆ ಬೆರೆಸಿ ಟೊಮೇಟೊ ಚೌಕಾಸಿ ಮಾಡುವವರನ್ನು ಚೆಲುವಯ್ಯ ದಿನಾ ನೋಡುತ್ತಿದ್ದ. ಎಲ್ಲ ಪದ ದಾಟಿಸಿ ಒಂದನ್ನು ಮಾತ್ರ ಹಾಗೇ ಬಿಡುವುದು, ಎರಡೂ ಬಲ್ಲವನು ಮಾಡುವ ತಪ್ಪೇ. ಒಂದೇ ಬಲ್ಲವನಾಗಿದ್ದರೆ ಕೇಳುತ್ತಿದ್ದ.

"ಆಯ್ತು, ಟೋಪಿ ಹಾಕ್ಕೋ," ಎಂದ. "ಗುಂಡಿಗೆ ಹೋಗಣ ನಡಿ."

"ದಾರಿ ನಾನು ತೋರಿಸಲ್ಲ," ಎಂದ ಮುನಿಶಾಮಪ್ಪ.

"ನಾನು ತೋರಿಸ್ತೀನಿ ಸ್ವಾಮಿ," ಎಂದು ಬೀದಿಯಿಂದ ಕದಿರಮ್ಮ ಹೇಳಿದಳು. ಅವಳು ಅಷ್ಟು ಹೊತ್ತೂ ಬಿಸಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಆ ದಿಣ್ಣೇಲಿ ಮೇಕೆ ಮೇಯಿಸಿದೋಳು ನಾನು. ಒಂದು ಮರಿ ಅದರಲ್ಲೇ ಬಿದ್ದು ಹೋಯ್ತು. ನಮ್ಮ ಮಾತಲ್ಲಿ ದೆವ್ವದ ಬಾವಿ ಅಂತೀವಿ. ರಾಗಿಗುಂತ ಅಂದ್ರೆ ಅದೇ ಅಂತ ಮೊದಲೇ ತಿಳಿದಿದ್ರೆ ಅವತ್ತೇ ಹೇಳ್ತಿದ್ದೆ."

*

ದಿಣ್ಣೆಯ ನೆತ್ತಿ ತುಕ್ಕಿನ ಬಣ್ಣದ್ದು. ಅದನ್ನು ಬೂಟಿನಿಂದ ಒದ್ದು ಅರುಳ್‌ದಾಸ್ ಹೇಳಿದ: "ಇದು ಟೋಪಿ ಸಾರ್, ಕಬ್ಬಿಣದ ತುಕ್ಕು. ಅದರ ಕೆಳಗೆ ಹಸಿರು. ಹಸಿರಿನ ಕೆಳಗೆ ಹಳದಿ ಅದಿರು. ಹಳಬರು ಈ ಕೆಂಪು ನೋಡಿಯೇ ಅಗೆಯೋಕೆ ಕೂತದ್ದು."

ಲಂಟಾನ ಪೊದೆಯ ಹಿಂದೆ ಬಾಯಿ ಇತ್ತು. ಪಕ್ಕದಲ್ಲಿ ಒಂದು ದಪ್ಪ ಚಪ್ಪಡಿ ಒರಗಿತ್ತು. ಚಪ್ಪಡಿಯ ಅಡಿ ಹುಲ್ಲು ಬಿಳಿಚಿತ್ತು. ಈಚೆಗೆ ಯಾರೋ ಸರಿಸಿದ್ದರು.

ಅರುಳ್‌ದಾಸ್ ದಾರಕ್ಕೆ ಎಣ್ಣೆ ದೀಪ ಕಟ್ಟಿ ಇಳಿಬಿಟ್ಟ. ಜ್ವಾಲೆ ಅಲುಗಿತು, ಆರಲಿಲ್ಲ.

"ಗಾಳಿ ಇದೆ. ಹಗೇವಿಗಿಂತ ವಾಸಿ. ನಾನು ಮೊದಲು ಇಳೀತೀನಿ ಸಾರ್, ನಮ್ಮ ಮನೆ ಕಸುಬು."

ಜೀಪಿನ ಹಗ್ಗವನ್ನು ಬಂಡೆಯೊಂದಕ್ಕೆ ಬಿಗಿದು, ದಫೇದಾರ ಸೊಂಟಕ್ಕೊಂದು ಸುತ್ತು ಹಾಕಿಕೊಂಡು ಕಾಲೂರಿ ನಿಂತ. ಗಟ್ಟಿ ಆಳು. "ಕದಿರಮ್ಮಾ, ದೂರ ಹೋಗು. ಅಂಚಿಗೆ ಬರಬೇಡ, ಮಣ್ಣು ಕುಸೀತದೆ," ಎಂದ. ಅವಳು ಹೋಗಿ ಹುಣಸೆ ಗಿಡದ ನೆರಳಲ್ಲಿ ಕೂತಳು.

ಅರುಳ್‌ದಾಸ್ ಇಳಿದ. ಹಿಂದೆಯೇ ಚೆಲುವಯ್ಯ.

ಗುಂಡಿ ತೆಂಗಿನಮರದಷ್ಟು ಆಳ. ಗೋಡೆ ದುಂಡಗೆ ಮಡಕೆಯ ಒಳಮೈಯಂತೆ ಇತ್ತು. ಕಾರ್ಬೈಡ್ ದೀಪದ ಬೆಳಕು ಬಿದ್ದ ಕಡೆಯೆಲ್ಲಾ ಮಸಿ.

"ಉಳಿ ಹಿಡಿದು ಕೆತ್ತಿದ್ದಲ್ಲ ಸಾರ್. ಗೋಡೆಗೆ ಸೌದೆ ಒಟ್ಟಿ ಬೆಂಕಿ ಹಾಕೋರು. ಕಲ್ಲು ಕಾದು ಕೆಂಪಾದಾಗ ನೀರು ಎರಚೋರು. ಚಟಚಟ ಅಂತ ಸಿಡಿಯೋದು. ಸಿಡಿದದ್ದನ್ನ ಬುಟ್ಟೀಲಿ ಹೊತ್ತು ಮೇಲೆ ತಂದು ಕುಟ್ಟೋರು. ಅದೇ ಮಸಿ ಇದು, ಇನ್ನೂ ಕೈಗೆ ಹತ್ತುತ್ತೆ ನೋಡಿ."

ಚೆಲುವಯ್ಯ ಮುಟ್ಟಿದ. ಬೆರಳು ಕಪ್ಪಾಯಿತು. ಯಾರು ಹಚ್ಚಿದ ಬೆಂಕಿಯೋ. ಅವನಿಗೆ ತಿಳಿಯದೆಯೇ ಕೈ ಎದೆಯ ಹತ್ತಿರ ಹೋಗಿ ಬಂತು.

ತಳದಲ್ಲಿ ಒಂದು ಮೂಲೆ ಮಾತ್ರ ಚೌಕವಾಗಿತ್ತು. ಅಲ್ಲಿ ಗೋಡೆಯಲ್ಲಿ ಉದ್ದುದ್ದ ಬೈರಿಗೆಯ ಗೆರೆ. "ಇದು ದೊರೆಗಳ ಕಾಲದ್ದು. ಯಾವುದೋ ಕಂಪನಿ, ಚಿನ್ನ ಸಿಗುತ್ತೆ ಅಂತ ಸುರಂಗ ಕೊರೆದು ಬಿಟ್ಟು ಹೋಗಿದೆ," ಎಂದ ಅರುಳ್‌ದಾಸ್. ಕೆಳಮುಖವಾಗಿ ಇಳಿದ ಸುರಂಗದ ಬಾಯಿಯಲ್ಲಿ ಚಾವಣಿಯವರೆಗೂ ಕರಿನೀರು ನಿಂತಿತ್ತು.

ಚೀಲ ಸಿಕ್ಕಿದ್ದು ಆ ಮೂಲೆಯಲ್ಲೇ, ಗೋಡೆಯ ಬಿರುಕಿನಲ್ಲಿ ಸಣ್ಣ ಕಲ್ಲುಗಳ ಮರೆಗೆ. ಗೋಣಿಯ ಸಂಚಿ, ಇಲಾಖೆಯ ಮೊಹರು. ಅರುಳ್‌ದಾಸ್ ಮೊಣಕಾಲೂರಿ ಒಂದೊಂದೇ ಕಲ್ಲು ತೆಗೆದು ದೀಪಕ್ಕೆ ಹಿಡಿದ. ಬರಿ ಬೆಣಚುಕಲ್ಲು. ಬಿಳುಪು. ಅಲ್ಲಲ್ಲಿ ಕೂದಲೆಳೆಯಷ್ಟು ಹಸಿರು.

"ಏನೂ ಇಲ್ಲ ಸಾರ್." ಅವನ ದನಿಯಲ್ಲಿ ಬೇಸರವೂ ಮೆಚ್ಚಿಗೆಯೂ ಇತ್ತು. "ಹಳಬರು ಗುಡಿಸಿ ಸಾರಿಸಿ ಹೋಗಿದ್ದಾರೆ. ಇಲ್ಲಿ ತಾಮ್ರ ಮುಗಿದು ಎಷ್ಟು ಕಾಲವಾಯ್ತೋ. ಮುನಿಶಾಮಪ್ಪ ಇಲಾಖೆಗೆ ಕಳಿಸಿದ ಕಲ್ಲು ಈ ಗುಂಡಿಯದಲ್ಲ. ಈ ಜಿಲ್ಲೆಯದೂ ಅಲ್ಲ."

"ಅಂದರೆ ಈ ಚೀಲ ಮೇಲೆ ಬಂದಿದ್ದರೆ ಗುತ್ತಿಗೆ ಮುರೀತಿತ್ತು."

"ಅಲ್ಲಿಗೇ ಮುಗೀತಿತ್ತು. ಅದರಲ್ಲಿ ದುಡ್ಡು ಹಾಕಿದೋರು, ಕೈ ಬಿಸಿ ಮಾಡ್ಕೊಂಡೋರು ಎಲ್ಲಾ ಮುಳುಗೋರು."

ಚೆಲುವಯ್ಯನ ಕಾಲಿಗೆ ಏನೋ ತೊಡರಿತು. ಕಪಿಲೆ ಬಾವಿಗೆ ಎತ್ತು ಹೂಡಿ ಎಳೆಸುವಂಥ ದಪ್ಪ ಹಗ್ಗ, ಸುರುಳಿಯಾಗಿ ಬಿದ್ದಿತ್ತು. ಒಂದು ಕಡೆ ಸವೆದ ಜಾಗಕ್ಕೆ ಕೆಂಪು ಸೀರೆಯ ಚೂರು ಸುತ್ತಿ ಹೊಸೆದಿದ್ದರು. ತುದಿಯನ್ನು ಹುಡುಕಿ ಬೆಳಕಿಗೆ ಹಿಡಿದ. ಹರಿದ ತುದಿಯಲ್ಲ. ಕೊಯ್ದದ್ದು, ಒಂದೇ ಏಟಿಗೆ.

"ಹತ್ತುತ್ತಾ ಇದ್ದಾಗ ಮೇಲಿಂದ ಕತ್ತರಿಸಿದ್ದಾರೆ," ಎಂದ. "ತಲೆ ಒಡೆದದ್ದು ಹಾಗೆ. ಮೇಲಿನವನು ಸತ್ತ ಅಂದುಕೊಂಡು ಹೋಗಿದ್ದಾನೆ. ಇವನು ಚೀಲ ಬಚ್ಚಿಟ್ಟ. ಆದರೆ ಹೊರಗೆ ಹೇಗೆ ಹೋದ?"

ಅರುಳ್‌ದಾಸ್ ಸುರಂಗವನ್ನು ತೋರಿಸಿದ. "ಇದರೊಳಗೆ ತೆವಳಿಕೊಂಡು. ಕೆರೆ ಏರಿ ಕಡೆಗೇ ಹೋಗುತ್ತೆ. ಆಗ ನೀರಿರಲಿಲ್ಲ ಸಾರ್. ಮೊನ್ನೆ ಮಳೆ ಸುರಿಯಿತಲ್ಲ."

"ಸುತ್ತಿಗೆ?"

"ಹತ್ತೋವಾಗ ಸುತ್ತಿಗೆ ಮೊದಲು ಮೇಲೆ ಕೊಡ್ತೀವಿ. ಸೊಂಟಕ್ಕೆ ಬಡಿಯುತ್ತೆ ಅಂತ."

ಸುತ್ತಿಗೆ ಇಸಿದುಕೊಂಡವನೇ ಹಗ್ಗ ಕೊಯ್ದವನು. ಅವನೇ ಅದನ್ನು ಹಗೇವಿನೊಳಗೆ ಒಯ್ದವನು. ಚೆಲುವಯ್ಯ ಮನಸ್ಸಿನಲ್ಲೇ ಒಂದೊಂದು ಪದವಾಗಿ ಬಿಡಿಸತೊಡಗಿದ. ಹಗೇವಿನ ಸುತ್ತ ಆವತ್ತು ಯಾರಿದ್ದರು? ಮುನಿಶಾಮಪ್ಪನ ಆಳುಗಳು ಮೇಲೆಯೇ ನಿಂತಿದ್ದರು. ಇಳಿದವನು...

"ಸಾರ್!" ಮೇಲಿಂದ ದಫೇದಾರನ ಕೂಗು ಗೋಡೆಗೆ ಬಡಿದು ಬಂತು. "ಸಿಕ್ತಾ ಸಾರ್?"

"ಸಿಕ್ತು ಕಣಯ್ಯ!" ಎಂದ ಅರುಳ್‌ದಾಸ್ ಉತ್ಸಾಹದಿಂದ. "ಚೀಲ, ಹಗ್ಗ ಎರಡೂ!"

"ಸಾಮಾನು ಮೊದಲು ಕಳಿಸಿ ಸಾರ್! ಆಮೇಲೆ ನೀವು ಬರೀಗೈಲಿ ಸುಖವಾಗಿ ಹತ್ತಬಹುದು!"

ಚೆಲುವಯ್ಯ ತಡೆಯುವಷ್ಟರಲ್ಲಿ ಅರುಳ್‌ದಾಸ್ ಚೀಲವನ್ನೂ ಸುರುಳಿ ಹಗ್ಗವನ್ನೂ ಜೀಪಿನ ಹಗ್ಗದ ತುದಿಗೆ ಕಟ್ಟಿ ಒಮ್ಮೆ ಜಗ್ಗಿಬಿಟ್ಟಿದ್ದ. ಗಂಟು ಓಲಾಡುತ್ತಾ ಮೇಲೇರಿತು. ಬೆಳಕಿನ ದುಂಡಿನಲ್ಲಿ ಒಂದು ಕ್ಷಣ ಕಪ್ಪಗೆ ಕಂಡು ಮರೆಯಾಯಿತು.

ಮೇಲಿನ ಅಂಚಿನಿಂದ ಮಣ್ಣಿನ ಹೆಂಟೆಯೊಂದು ಉದುರಿತು. ಯಾರೋ ಹತ್ತಿರ ಬಂದಿದ್ದರು.

"ಅಯ್ಯೋ, ಇದು ನಮ್ಮ ಕಪಿಲೆ ಹಗ್ಗ ಅಲ್ವಾ!" ಕದಿರಮ್ಮನ ದನಿ. ಅದರಲ್ಲಿ ಭಯವಿರಲಿಲ್ಲ, ಕಳೆದ ಸಾಮಾನು ಸಿಕ್ಕ ಅಚ್ಚರಿ ಮಾತ್ರ. "ನನ್ನ ಸೀರೆ ಚೂರು ನೋಡಿ, ನಾನೇ ಸುತ್ತಿದ್ದು. ದಫೇದಾರಪ್ಪಾ, ಠಾಣೆ ಬಾವೀಲಿ ಕೊಡ ಬಿದ್ದದೆ ಅಂತ ನೀವು ಬಂದು ಇಸ್ಕೊಂಡು ಹೋಗಿದ್ರಲ್ಲ. ಇದು ಇಲ್ಲಿಗೆ ಹೆಂಗ್ ಬಂತಪ್ಪಾ?"

ದಫೇದಾರ ಏನು ಹೇಳಿದನೋ ಕೆಳಗಿದ್ದವರಿಗೆ ಅರ್ಥವಾಗಲಿಲ್ಲ. ತೆಲುಗಿನಲ್ಲಿ ಹೇಳಿದ್ದ.

"ಕದಿರಮ್ಮಾ!" ಎಂದು ಚೆಲುವಯ್ಯ ಕೂಗಿದ. "ಓಡು! ಊರ ಕಡೆಗೆ ಓಡಮ್ಮಾ!"

ಜೀಪಿನ ಹಗ್ಗ ಮೇಲಿಂದ ಬಂತು. ತುದಿಯಿಂದ ತುದಿಯವರೆಗೂ ಒಟ್ಟಿಗೇ ಬಂದು ಅವನ ಭುಜದ ಮೇಲೆ ಬಿದ್ದು, ಕಾಲ ಬಳಿ ರಾಶಿಯಾಯಿತು. ಈ ಸಲ ಕೊಯ್ದಿರಲಿಲ್ಲ. ಬಂಡೆಯ ಗಂಟು ಬಿಚ್ಚಿ ಬಿಟ್ಟಿದ್ದರು.

ಆಮೇಲೆ ಕಲ್ಲಿನ ಮೇಲೆ ಕಲ್ಲು ಎಳೆಯುವ ಸದ್ದು ಶುರುವಾಯಿತು. ತಲೆಯ ಮೇಲಿನ ಬೆಳಕಿನ ದುಂಡು ಒಂದು ಕಡೆಯಿಂದ ಸವೆಯತೊಡಗಿತು.

ನಾಳೆ ಬೆಳಿಗ್ಗೆ ಬಯ್ಯಪ್ಪನ ಪರವಾಗಿ ಮಾತಾಡಬಲ್ಲವರು ಮೂರೇ ಜನ. ಇಬ್ಬರು ರಾಗಿಗುಂತದ ತಳದಲ್ಲಿದ್ದರು. ಮೂರನೆಯವಳು ಮೇಲೆ, ದಫೇದಾರನ ಎದುರಿಗೆ ನಿಂತಿದ್ದಳು.